ದಿನಕ್ಕೆ ಐದು ಸ್ಟ್ರಾಬೆರಿ

ಹೋದ ವರ್ಷ ದೀಪಾವಳಿ ಮುಗಿದು ಥಂಡಿ ಶುರುವಾಗುವ ಹೊತ್ತಿಗೆ ನಮ್ಮವರ ಚಪ್ಪಲಿ ಬಿಗಿಯಾಯಿತು.

ರೋಗ ನಮ್ಮ ಮನೆಗೆ ಬಂದದ್ದು ಹಾಗೆ. ಎದೆನೋವಿಲ್ಲ, ಜ್ವರವಿಲ್ಲ. ಬೆಳಿಗ್ಗೆ ಹೊಸ್ತಿಲ ಹತ್ತಿರ ಕೂತು ಚಪ್ಪಲಿಯೊಳಗೆ ಕಾಲು ತೂರಿಸಲು ಒದ್ದಾಡುತ್ತಿದ್ದರು. ನಾನು ನಕ್ಕೆ. "ಕಾಲಿಗೂ ಬೊಜ್ಜು ಬಂತೇನ್ರಿ?" ಎಂದು ಕೇಳಿದೆ. ಅವರೂ ನಕ್ಕರು. ಆ ನಗುವನ್ನು ನೆನೆಸಿಕೊಂಡರೆ ಈಗಲೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ನಮ್ಮವರ ಹೆಸರು ಚನ್ನಬಸಪ್ಪ. ಬ್ಯಾಡಗಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಮೂವತ್ತು ವರ್ಷಗಳಿಂದ ಕೆಲಸ. ರೈತರು ತಂದ ಚೀಲದೊಳಗೆ ಕೈ ಹಾಕಿ, ಒಂದು ಹಿಡಿ ಮೆಣಸಿನಕಾಯಿ ತೆಗೆದು, ಬಣ್ಣ ನೋಡಿ, ಮುರಿದು, ಮೂಸಿ, ಮಾಲು ಎಂಥದು ಎಂದು ಹೇಳುವುದು ಅವರ ಕಸುಬು. ಸಂಜೆ ಅವರು ಬಾಗಿಲಿಗೆ ಬರುವ ಮೊದಲೇ ಅವರ ಅಂಗಿಯ ಘಾಟು ಬರುತ್ತದೆ, ನಾನು ಸೀನುತ್ತೇನೆ. ಮದುವೆಯಾದ ಹೊಸತರಲ್ಲಿ ಇದೇ ಕಾರಣಕ್ಕೆ ಅತ್ತಿದ್ದೂ ಉಂಟು. ಈಗ ಸೀನು ಬಂದರೆ ಅವರು ಬಂದರೆಂದು ಲೆಕ್ಕ, ಚಹಾಕ್ಕೆ ನೀರಿಡುತ್ತೇನೆ.

ಇನ್ನು ನನ್ನ ಕಸುಬು ಎಂದರೆ ಖಾರ. ಕೆಲಸ ಅಂತಲ್ಲ, ಹೆಮ್ಮೆ. ಒಳ್ಳೆಯ ಮೆಣಸಿನಕಾಯಿ ಆರಿಸಿ, ತೊಟ್ಟು ಬಿಡಿಸಿ, ಬಿಸಿಲಿಗೆ ಹಾಕಿ, ಉಪ್ಪು, ಬೆಳ್ಳುಳ್ಳಿ, ಜೀರಿಗೆ ಹಾಕಿ ಒರಳಲ್ಲಿ ಕುಟ್ಟಿ ಬಾಟಲಿಗೆ ತುಂಬಿಟ್ಟರೆ ಹಾವೇರಿಯಲ್ಲಿರುವ ಮಗಳು ಸುಧಾಳಿಂದ ಹಿಡಿದು ನಂಟರಿಷ್ಟರೆಲ್ಲ ಒಂದೊಂದು ಬಾಟಲಿ ಒಯ್ಯುತ್ತಾರೆ. ನಮ್ಮ ಮನೆಯಲ್ಲಿ ಪೇರಲ, ಮಾವಿನಕಾಯಿ, ಅನಾನಸು, ಸೌತೆಕಾಯಿ ಯಾವುದನ್ನೂ ಖಾರ ಹಚ್ಚದೆ ತಿಂದವರಿಲ್ಲ. ಹಣ್ಣು ಹೆಚ್ಚಿದರೆ ಒಂದು ಕೈ ತಾನಾಗಿಯೇ ಆ ಬಾಟಲಿಯ ಕಡೆ ಹೋಗುತ್ತದೆ. ಇದನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದೆಲ್ಲ ಆ ಕೈಯದೇ ಕಥೆ.

ನಾಲ್ಕು ದಿನವಾದರೂ ಕಾಲಿನ ಬಾವು ಇಳಿಯಲಿಲ್ಲ. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ನಮ್ಮೂರಿನ ಡಾಕ್ಟರು ಬಿಪಿ ನೋಡಿದರು. ಮತ್ತೊಮ್ಮೆ ನೋಡಿದರು. ಪಟ್ಟಿ ಬಿಚ್ಚಿ ಇನ್ನೊಂದು ಕೈಗೆ ಕಟ್ಟಿ ಮೂರನೆಯ ಸಲ ನೋಡಿದರು. "ನೂರಾ ಎಂಬತ್ತು ಐತ್ರಿ. ಎಷ್ಟ ದಿನದಿಂದ ಹಿಂಗೈತಿ?" ಎಂದು ಕೇಳಿದರು. ಎಷ್ಟು ದಿನದಿಂದ ಎಂದು ನಮಗೇನು ಗೊತ್ತು, ಯಾರು ನೋಡಿಸಿಕೊಂಡಿದ್ದರು. ಹಾವೇರಿಗೆ ಹೋಗಿ ರಕ್ತ, ಮೂತ್ರ, ಸ್ಕ್ಯಾನಿಂಗ್ ಎಲ್ಲ ಮಾಡಿಸಿಕೊಂಡು ಬಂದೆವು. ರಿಪೋರ್ಟಿನಲ್ಲಿ ಒಂದು ಸಾಲಿನ ಕೆಳಗೆ ಅಡ್ಡಗೆರೆ ಎಳೆದಿತ್ತು. ಒಂದರ ಆಸುಪಾಸಿನಲ್ಲಿರಬೇಕಾದ ಕ್ರಿಯಾಟಿನಿನ್ ಎರಡು ಪಾಯಿಂಟ್ ಮೂರು.

ಎರಡೂ ಕಿಡ್ನಿ ಸೋತಿವೆ ಎಂದರು.

ರಾಣೆಬೆನ್ನೂರಿನ ಒಂದು ಆಸ್ಪತ್ರೆಗೆ ಕಿಡ್ನಿ ಡಾಕ್ಟರು ವಾರಕ್ಕೊಮ್ಮೆ ಬರುತ್ತಾರೆ, ಗುರುವಾರ. ಗುರುವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆಯ ದಿನ. ಮೂವತ್ತು ವರ್ಷದಲ್ಲಿ ನಮ್ಮವರು ಪೇಟೆ ತಪ್ಪಿಸಿದ್ದು ಎರಡೇ ಸಲ, ಅವರ ತಾಯಿ ತೀರಿಕೊಂಡಾಗ ಮತ್ತು ಸುಧಾ ಹುಟ್ಟಿದಾಗ. ರಾಣೆಬೆನ್ನೂರಿನ ಬಸ್ಸಿನಲ್ಲಿ ಕೂತು ಅವರು ತಮ್ಮ ಖಾಲಿ ಅಂಗೈಯನ್ನು ನೋಡಿಕೊಳ್ಳುತ್ತಿದ್ದರು. ಕಾಯಿಲೆಯ ಭಯಕ್ಕಿಂತ ಆ ಕೈಗೆ ಆವತ್ತು ಕೆಲಸವಿಲ್ಲದ್ದೇ ಅವರನ್ನು ಹೆಚ್ಚು ಕಾಡಿತ್ತು ಎಂದು ಕಾಣುತ್ತದೆ.

ಡಯಾಲಿಸಿಸ್ ಎಂಬ ಶಬ್ದವನ್ನು ನಮ್ಮ ಮನೆಯವರ ಹೆಸರಿನ ಜೊತೆ ಸೇರಿಸಿ ಕೇಳಿದ್ದು ಅಲ್ಲೇ ಮೊದಲು.

"ಈಗ ಬೇಕಾಗಿಲ್ಲ," ಎಂದರು ಡಾಕ್ಟರು. "ಬಿಪಿ ಹಿಡಿತಕ್ಕೆ ಬಂದರೆ ಬಹಳ ವರ್ಷ ಮುಂದೆ ತಳ್ಳಬಹುದು. ಬಾರದಿದ್ದರೆ ಅದು ನಮ್ಮನ್ನ ಕೇಳೋದಿಲ್ಲ."

ಪಕ್ಕದ ಕೋಣೆಯಲ್ಲಿ ಡಯಟಿಷಿಯನ್ ಎಂದು ಒಬ್ಬ ಹುಡುಗಿ ಕೂತಿದ್ದಳು. ಸುಧಾಳಿಗಿಂತ ಚಿಕ್ಕವಳು, ಆದರೆ ಮಾತು ಖಡಕ್. ಉಪ್ಪು ಇಷ್ಟೇ ಎಂದು ಒಂದು ಪುಟ್ಟ ಚಮಚ ತೋರಿಸಿದಳು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಂದ್. ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತಿದೆ, ಆದ್ದರಿಂದ ಎಳನೀರು, ಬಾಳೆಹಣ್ಣು, ಮೋಸಂಬಿ ಕೂಡ ಬೇಡ ಎಂದಳು. ಕಾಯಿಲೆಯವರನ್ನು ನೋಡಲು ಬರುವವರು ಬೇರೆ ಏನು ತರುತ್ತಾರೆ? ಆ ವಾರವೆಲ್ಲ ನಮ್ಮ ಮಂಚದ ಕೆಳಗೆ ಎಳನೀರಿನ ಸಾಲು, ಗೂಟಕ್ಕೆ ಬಾಳೆಹಣ್ಣಿನ ಚಿಪ್ಪು. ಬಂದವರು ತಂದದ್ದನ್ನು ಬಂದವರಿಗೇ ಕೊಟ್ಟು ಕಳಿಸುವುದು ನನ್ನ ಕೆಲಸವಾಯಿತು.

"ಹಂಗಾರ ನಾ ಹಣ್ಣ ತಿನ್ನಂಗೇ ಇಲ್ಲೇನ್ರಿ?" ಎಂದು ನಮ್ಮವರು ಆವತ್ತೇ ಆ ಹುಡುಗಿಯನ್ನು ಕೇಳಿದ್ದರು.

"ಯಾಕಿಲ್ಲ? ಸೇಬು ತಿನ್ನಿ, ಒಂದೆರಡು ಹೋಳು. ಈಗ ಸೀಜನ್ ಐತಿ, ಸ್ಟ್ರಾಬೆರಿ ಸಿಕ್ಕರ ದಿನಕ್ಕ ಐದು ತಿನ್ನಿ. ಅದರಾಗ ಸಕ್ಕರಿ ಕಮ್ಮಿ, ನಾರು ಐತಿ, ವಿಟಮಿನ್ ಸಿ ಐತಿ. ಬಾಳಿಹಣ್ಣಿಗೆ ಹೋಲಿಸಿದ್ರ ಪೊಟ್ಯಾಸಿಯಂ ಕಮ್ಮಿ."

ಸ್ಟ್ರಾಬೆರಿಯನ್ನು ನಾನು ಅಲ್ಲಿಯವರೆಗೆ ನೋಡಿದ್ದು ಮೊಮ್ಮಗಳ ಟೂತ್‌ಪೇಸ್ಟಿನ ಮೇಲೆ ಮಾತ್ರ. ತಿನ್ನುವ ವಸ್ತು ಎಂದು ಅನ್ನಿಸಿರಲಿಲ್ಲ. ನಮ್ಮೂರ ಬಸ್ ಸ್ಟ್ಯಾಂಡಿನ ಎದುರು ಹಣ್ಣಿನ ಗಾಡಿ ಇಟ್ಟುಕೊಂಡಿರುವ ದಾದಾಪೀರ್ ನಮ್ಮವರ ಗೆಳೆಯ, ಚಿಕ್ಕಂದಿನಿಂದ ಕೂಡಿ ಆಡಿದವರು. ಅವರಿಗೆ ಹೇಳಿದೆ. ಎರಡೇ ದಿನದಲ್ಲಿ ರಾಣೆಬೆನ್ನೂರಿನಿಂದ ಪ್ಲಾಸ್ಟಿಕ್ ಬಾಕ್ಸೊಂದನ್ನು ಮೊಟ್ಟೆ ತಂದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಗೇ ಬಂದರು.

"ವೈನಿ, ನಾಜೂಕ ಮಾಲು. ಜರಾ ಒತ್ತಿದ್ರ ಸಾಕು, ನೀರು ಬಿಡತೈತಿ," ಎಂದರು. "ನಮ್ಮೂರಾಗ ಇದನ್ನ ಯಾರೂ ಕೇಳಂಗಿಲ್ಲ. ಚನ್ನಬಸಣ್ಣಗಂತ ತಂದೇನಿ."

ಸುಧಾ ಫೋನಿನಲ್ಲಿ ಅಷ್ಟೊತ್ತಿಗೆ ಎಲ್ಲ ಓದಿ ಮುಗಿಸಿದ್ದಳು. ಅವಳು ಹಾವೇರಿಯಲ್ಲಿ ಶಾಲೆ ಟೀಚರು, ಯಾವುದನ್ನೂ ಪಾಠ ಹೇಳಿದ ಹಾಗೇ ಹೇಳುವುದು. "ಅವ್ವಾ, ಬರಕೋ. ಹೃದಯಕ್ಕ ಛಲೋ. ಬಿಪಿಗೆ ಛಲೋ. ಕೊಲೆಸ್ಟ್ರಾಲ್ ಕಮ್ಮಿ ಮಾಡತೈತಿ. ಕಣ್ಣಿಗೆ, ಚರ್ಮಕ್ಕ, ನೆನಪಿನ ಶಕ್ತಿಗೆ." ನಾನು ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ. ಬರೆಯುತ್ತ ಬರೆಯುತ್ತ ನನಗೆ ಧೈರ್ಯ ಬಂತು. ಮಾತ್ರೆ ಡಾಕ್ಟರದು, ಅದರ ಮೇಲೆ ನನ್ನ ಅಧಿಕಾರವಿಲ್ಲ. ಈ ಹಣ್ಣು ಮಾತ್ರ ನಾನೇ ತೊಳೆದು, ನಾನೇ ಕೊಡುವ ಔಷಧಿ. ಗಂಡನ ಕಿಡ್ನಿಯನ್ನು ಉಳಿಸುವ ಒಂದು ದಾರಿ ನನ್ನ ಅಡುಗೆಮನೆಯಿಂದಲೂ ಹೋಗುತ್ತದೆ ಎಂದುಕೊಂಡೆ.

ಮೊದಲ ಹಣ್ಣನ್ನು ನಮ್ಮವರು ಪೇಟೆಯಲ್ಲಿ ಮಾಲು ನೋಡುವ ಹಾಗೇ ನೋಡಿದರು. ಬೆಳಕಿಗೆ ಹಿಡಿದರು. ಮೂಸಿದರು. "ಬಣ್ಣ ಐತಿ. ತೊಟ್ಟು ಹಸರ ಐತಿ, ಹೊಸಾ ಮಾಲು. ಹೆಗಲ ಹತ್ರ ಬೆಳ್ಳಗ ಐತಿ ನೋಡು, ಪೂರ್ತಿ ಹಣ್ಣಾಗೂ ಮೊದಲ ಹರದಾರ," ಎಂದು ತೀರ್ಪು ಕೊಟ್ಟರು. ಆಮೇಲೆ ಕಚ್ಚಿದರು. ಮುಖ ಕಿವುಚಿದರು.

"ಹುಳಿ."

ಉಳಿದ ನಾಲ್ಕು ತಾಟಿನಲ್ಲೇ ಉಳಿದವು. ಒಂದು ವಾರದಿಂದ ಸಪ್ಪೆ ಪಲ್ಯ, ಸಪ್ಪೆ ಸಾರು, ಉಪ್ಪಿಲ್ಲದ ರೊಟ್ಟಿ ತಿಂದು ಆ ಮುಖ ಸಣ್ಣದಾಗಿತ್ತು. ನನಗೆ ತಡೆಯಲಾಗಲಿಲ್ಲ. ತಾಟನ್ನು ಒಳಗೆ ಒಯ್ದೆ. ತೊಟ್ಟು ತೆಗೆದೆ, ಒಂದೊಂದನ್ನು ಎರಡು ಹೋಳು ಮಾಡಿದೆ, ಮೇಲೆ ಚಿಟಿಕೆ ಖಾರ ಉದುರಿಸಿ ತಂದಿಟ್ಟೆ.

ತಾಟು ಖಾಲಿಯಾಯಿತು. ಬೆರಳನ್ನೂ ನೆಕ್ಕಿದರು.

ನೀವು ಕೇಳಬಹುದು, ಆ ಖಾರದಲ್ಲಿ ಉಪ್ಪಿದೆ ಎಂದು ನಿನಗೆ ಗೊತ್ತಿರಲಿಲ್ಲವೇ ಎಂದು. ಕುಟ್ಟಿದವಳೇ ನಾನು. ಆದರೂ ಹೊಳೆಯಲಿಲ್ಲ. ನಮ್ಮಲ್ಲಿ ಅದರ ಹೆಸರು ಖಾರ, ಉಪ್ಪಲ್ಲ. ಆ ಹುಡುಗಿ ಕೊಟ್ಟ ಹಾಳೆಯಲ್ಲಿ ಉಪ್ಪು ಅಡುಗೆಯ ಪುಟದಲ್ಲಿತ್ತು, ಸ್ಟ್ರಾಬೆರಿ ಹಣ್ಣಿನ ಪುಟದಲ್ಲಿತ್ತು. ನಾನು ಪುಟ ತಿರುಗಿಸಿದಾಗ ಉಪ್ಪನ್ನು ಹಿಂದಿನ ಪುಟದಲ್ಲೇ ಬಿಟ್ಟುಬಂದೆ. ಅಡುಗೆಗೆ ಅದೇ ಪುಟ್ಟ ಚಮಚದಲ್ಲಿ ಅಳೆದು ಹಾಕುತ್ತಿದ್ದೆ, ಒಂದು ಹರಳು ಹೆಚ್ಚಾದರೂ ತೆಗೆಯುತ್ತಿದ್ದೆ. ಆಮೇಲೆ ಹಣ್ಣು ಹೆಚ್ಚಿ ಅದೇ ಕೈಯಿಂದ ಖಾರ ಉದುರಿಸುತ್ತಿದ್ದೆ.

ಆವತ್ತಿನಿಂದ ನಮ್ಮವರಿಗೆ ಸ್ಟ್ರಾಬೆರಿಯ ಹುಚ್ಚು ಹಿಡಿಯಿತು. ಪೇಟೆಯಿಂದ ಬರುವಾಗಲೇ "ಹಣ್ಣ ಐತೋ ಇಲ್ಲೋ?" ಎಂದು ಕೇಳುತ್ತ ಬರುವರು. ನನ್ನ ಸೀನು, ಅವರ ಪ್ರಶ್ನೆ, ಎರಡೂ ಒಂದೇ ಹೊತ್ತಿಗೆ. ಸಪ್ಪೆ ಊಟಕ್ಕೂ ಈಗ ತಕರಾರಿಲ್ಲ. ಸುಧಾಳಿಗೆ ಫೋನ್ ಮಾಡಿ ಹೇಳಿದೆ, ನಿಮ್ಮಪ್ಪ ದಾರಿಗೆ ಬಂದರು ಎಂದು. ಅವಳು ಸ್ಟಾಫ್ ರೂಮಿನಲ್ಲೆಲ್ಲ ಹೇಳಿಕೊಂಡು ಬಂದಳಂತೆ. ದಾದಾಪೀರಂತೂ ಸ್ಟ್ರಾಬೆರಿಗೆ ತಾವೇ ಜವಾಬ್ದಾರರೆಂಬಂತೆ, ಒಂದು ಹಣ್ಣು ಮೆತ್ತಗಾಗಿದ್ದರೂ ಬಾಕ್ಸ್ ಬದಲಿಸಿ ಕೊಡುತ್ತಿದ್ದರು.

ಆದರೆ ಬಿಪಿ ಇಳಿಯಲಿಲ್ಲ.

ಮನೆಯಲ್ಲೇ ನೋಡಲು ಮಷಿನ್ ತಂದಿದ್ದೆವು. ನೂರಾ ಅರವತ್ತು. ನೂರಾ ಅರವತ್ತೈದು. ನಾನು ಮಷಿನ್ ಕೆಟ್ಟಿದೆ ಎಂದೆ. ಸುಧಾ ಬೇರೆ ಮಷಿನ್ ತಂದಳು, ಅದೂ ಅದನ್ನೇ ಹೇಳಿತು. ಹಾಗಾದರೆ ಔಷಧಿ ಸಾಲುತ್ತಿಲ್ಲ ಎಂದುಕೊಂಡು ಬೆಳಿಗ್ಗೆ ಐದು, ಸಂಜೆ ಐದು ಸ್ಟ್ರಾಬೆರಿ ಶುರು ಮಾಡಿದೆ. ಖಾರವೂ ಎರಡು ಹೊತ್ತಿನದಾಯಿತು. ಮಾತ್ರೆಯಿಂದ ತುಸು ಇಳಿದಿದ್ದ ಕಾಲಿನ ಬಾವು ಮತ್ತೆ ಬಂತು. ಮೆಟ್ಟಿಲು ಹತ್ತಿದರೆ ಏದುಸಿರು. ಆರು ವಾರ ಕಳೆದು ರಕ್ತ ಕೊಟ್ಟರೆ ಕ್ರಿಯಾಟಿನಿನ್ ಮೂರು ಪಾಯಿಂಟ್ ಒಂದು.

ಡಾಕ್ಟರು ರಿಪೋರ್ಟನ್ನು ಬಹಳ ಹೊತ್ತು ನೋಡಿದರು. ಒಂದು ಮಾತ್ರೆ ಹೆಚ್ಚಿಸಿದರು. ಆಮೇಲೆ ನಮ್ಮವರ ಎಡಗೈಯನ್ನು ಮುಟ್ಟಿ ಹೇಳಿದರು, "ಇನ್ನು ಮುಂದೆ ಈ ಕೈಯಿಂದ ರಕ್ತ ತೆಗೆಸಬೇಡಿ, ಸೂಜಿ ಚುಚ್ಚಿಸಬೇಡಿ. ಇದನ್ನ ಉಳಿಸಿಟ್ಟುಕೊಳ್ಳಿ. ಇದರ ರಕ್ತನಾಳ ಮುಂದೆ ಡಯಾಲಿಸಿಸ್‌ಗೆ ಬೇಕಾಗಬಹುದು."

ನಮ್ಮವರು "ಆತ್ರಿ" ಎಂದರು.

ಮತ್ತೆ ಅದೇ ಡಯಟಿಷಿಯನ್ ಹುಡುಗಿಯ ಕೋಣೆ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ತಿನ್ನುತ್ತಾರೆ ಹೇಳಿ ಎಂದಳು. ನಾನು ಪರೀಕ್ಷೆಗೆ ಓದಿಕೊಂಡು ಹೋದವಳ ಹಾಗೆ ಒಪ್ಪಿಸಿದೆ. ಅವಳು ತಲೆಯಾಡಿಸುತ್ತ ಬರೆದುಕೊಂಡಳು. ಎಲ್ಲ ಸರಿಯಾಗಿತ್ತು, ಹಾಗಾಗಿ ಅವಳಿಗೂ ಅರ್ಥವಾಗುತ್ತಿರಲಿಲ್ಲ.

"ಮತ್ತ ಸ್ಟ್ರಾಬೆರಿ ಭಾಳ ಇಷ್ಟ ಆಗ್ಯಾವ್ರಿ ಇವರಿಗೆ," ಎಂದೆ ಹೆಮ್ಮೆಯಿಂದ. "ಎರಡೂ ಹೊತ್ತು ತಿಂತಾರ."

"ಹೆಂಗ ಕೊಡತೀರಿ?"

"ತೊಳದು, ತೊಟ್ಟ ತಗದು, ಖಾರ ಹಚ್ಚಿ."

"ಖಾರ ಅಂದ್ರ?"

ಹೇಳಿದೆ. ಮೆಣಸಿನಕಾಯಿಯಿಂದ ಶುರುಮಾಡಿ ಒಂದೊಂದೇ ಹೇಳುತ್ತ ಹೋದೆ. ಎರಡನೆಯ ಶಬ್ದಕ್ಕೆ ನನ್ನ ಬಾಯಿ ನಿಂತಿತು.

ಉಪ್ಪು.

ಆ ಹುಡುಗಿ ಬೈಯಲಿಲ್ಲ. ಪೆನ್ನು ಕೆಳಗಿಟ್ಟಳು. "ಅಮ್ಮಾರ, ಸ್ಟ್ರಾಬೆರಿ ಛಲೋ ಹಣ್ಣು, ಖರೇ. ಆದ್ರ ಅದು ಔಷಧಿ ಅಲ್ಲ. ಇವರು ತಿನ್ನಬಹುದಾದ ಹಣ್ಣು, ಅಷ್ಟ. ನೀವು ಉಪ್ಪು ಹಾಕಿದ್ರ ಅದನ್ನ ಅಳಿಸಿ ಹಾಕೂ ಶಕ್ತಿ ಅದಕ್ಕಿಲ್ಲ. ಮತ್ತ ಐದು ಅಂದ್ರ ಐದು. ಹತ್ತು ತಿಂದ್ರ ಪೊಟ್ಯಾಸಿಯಮ್ಮೂ ಎರಡರಷ್ಟ ಆಗತೈತಿ."

ನಾನು ನಮ್ಮವರ ಕಡೆ ತಿರುಗಿದೆ. ಅವರು ನನ್ನನ್ನು ನೋಡಲಿಲ್ಲ. ತಮ್ಮ ಬಾತ ಕಾಲನ್ನು ನೋಡುತ್ತಿದ್ದರು. ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದ್ದೇನೆ, ಆ ಮುಖ ನನಗೆ ಗೊತ್ತು. ತಪ್ಪು ಸಿಕ್ಕಿಬಿದ್ದಾಗಿನ ಮುಖ ಅದು.

ರಾಣೆಬೆನ್ನೂರು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಕೇಳಿದೆ.

"ನಿಮಗ ಗೊತ್ತಿತ್ತು?"

"ಹ್ಞೂಂ."

"ಯಾವಾಗಿಂದ?"

"ಮೊದಲನೇ ದಿನದಿಂದ."

ಹಾವೇರಿಯ ಬಸ್ಸೊಂದು ಬಂತು, ಜನ ಹತ್ತಿದರು, ಹೋಯಿತು. ಅವರು ನಿಧಾನಕ್ಕೆ ಹೇಳಿದರು. "ಇಡೀ ದಿನದಾಗ ನಾಲಿಗಿಗೆ ಅದೊಂದ ರುಚಿ ಇತ್ತು, ಮಾದೇವಿ. ಹೇಳಿದ್ರ ನೀ ನಿಲ್ಲಿಸಿಬಿಡತಿದ್ದಿ. ಚಿಟಿಕಿ ಅಲ್ಲೇನು, ಏನಾಗತೈತಿ ಅಂತ ನಾನೂ ಸುಮ್ಮನಾದೆ." ನನ್ನ ಕಡೆ ತಿರುಗಿ, "ಮತ್ತ ನೀ ತಾಟ ತಂದಿಟ್ಟು ನಾ ತಿನ್ನೂದನ್ನ ನೋಡಕೋತ ಕುಂದ್ರತಿದ್ದಿ. ಅದನ್ನ ಯಾಕ ಕೆಡಸೂದು ಅನ್ನಸ್ತು" ಎಂದರು.

ಅಂದರೆ ಆರು ವಾರ ನಾವೆಲ್ಲ ಸ್ಟ್ರಾಬೆರಿಯನ್ನು ಹೊಗಳಿದ್ದೇ ಹೊಗಳಿದ್ದು. ಈ ಮನುಷ್ಯ ಪ್ರೀತಿಸಿದ್ದು ಅದರ ಮೇಲಿನ ಖಾರವನ್ನು. ಬೇರೆ ಸಮಯವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಬಸ್ಸು ಹತ್ತಿ ಮೋಟೆಬೆನ್ನೂರು ದಾಟುವವರೆಗೂ ನಾನು ಮುಂದಿನ ಸೀಟಿನ ಕಂಬಿಯನ್ನೇ ಹಿಡಿದು ಕೂತೆ. ಸಿಟ್ಟು ಅವರ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ಪ್ರೀತಿಯಿಂದ ಕೊಟ್ಟದ್ದು ಎಂದ ಮಾತ್ರಕ್ಕೆ ಅದು ಒಳ್ಳೆಯದೇ ಆಗಿರಬೇಕೆಂದಿಲ್ಲ. ಇದನ್ನು ಕಲಿಯಲು ನನಗೆ ಐವತ್ತೆರಡನೆಯ ವಯಸ್ಸು ಬೇಕಾಯಿತು, ಅವರ ಕಿಡ್ನಿಯೂ ಬೇಕಾಯಿತು.

ಕಿಟಕಿ ಪಕ್ಕ ಕೂತ ಅವರು ಎಡಗೈಯನ್ನು ಬಲಗೈಯೊಳಗೆ ಇಟ್ಟುಕೊಂಡಿದ್ದರು. ಅದನ್ನು ನೋಡಿದ ಮೇಲೆ ನನ್ನ ಸಿಟ್ಟು ಇಳಿಯಿತು. ಆ ಕೈಯ ಮೇಲೆ ನನ್ನ ಕೈ ಇಟ್ಟೆ.

ಮನೆಗೆ ಬಂದವಳೇ ಖಾರದ ಬಾಟಲಿಗಳನ್ನೆಲ್ಲ ಚೀಲಕ್ಕೆ ತುಂಬಿ ದಾದಾಪೀರರ ಗಾಡಿಗೆ ಒಯ್ದೆ. ಚೆಲ್ಲಲು ಮನಸ್ಸು ಬರಲಿಲ್ಲ, ಹೆಮ್ಮೆ ಅಷ್ಟು ಬೇಗ ಹೋಗುವುದಿಲ್ಲ. ನಡೆದದ್ದನ್ನು ಹೇಳಿದೆ. ದಾದಾಪೀರ್ ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಯಾ ಅಲ್ಲಾ. ನಾನ ತಂದ ಕೊಟ್ಟಿದ್ದಲ್ರಿ ವೈನಿ," ಎಂದರು. ಅವರನ್ನು ಸಮಾಧಾನ ಮಾಡುವುದೇ ನನಗೆ ಇನ್ನೊಂದು ಕೆಲಸವಾಯಿತು. ಹಣ್ಣಿನದೇನೂ ತಪ್ಪಿಲ್ಲ ಎಂದು ಮೂರು ಸಲ ಹೇಳಿದೆ. ಆ ಬಾಟಲಿಗಳು ಅವರ ಗಾಡಿಯ ಪೇರಲ ಹಣ್ಣಿಗೆ ಹೋದವು. ಗಿರಾಕಿ ಹೆಚ್ಚಾಯಿತಂತೆ.

ನಂತರದ ದಿನಗಳು ಸುಲಭವಿರಲಿಲ್ಲ. ಖಾರವಿಲ್ಲದ ಐದು ಸ್ಟ್ರಾಬೆರಿಗಳ ಮುಂದೆ ನಮ್ಮವರು ಅರ್ಧ ತಾಸು ಕೂರುತ್ತಿದ್ದರು. ಒಂದನ್ನು ಎತ್ತುವುದು, ನೋಡುವುದು, ಇಡುವುದು. ಬೈದೆ, ಕಾಡಿದೆ, ಬೇಡಿಕೊಂಡೆ. ಕೊನೆಗೆ ನಾನೂ ಒಂದು ತಾಟಿನಲ್ಲಿ ಐದು ಹಾಕಿಕೊಂಡು ಎದುರು ಕೂತೆ. ನನ್ನ ಊಟವನ್ನೂ ಅವರ ಅಳತೆಗೇ ಇಳಿಸಿದೆ. ಒಂದೇ ಮನೆಯಲ್ಲಿ ಎರಡು ರುಚಿ ಇದ್ದರೆ ಒಬ್ಬರ ಮೂಗು ಇನ್ನೊಬ್ಬರ ತಾಟಿನಲ್ಲೇ ಇರುತ್ತದೆ. ಪಲ್ಯಕ್ಕೆ ಹುರಿದ ಜೀರಿಗೆ, ಮೆಣಸು, ಒಂದೆರಡು ಹನಿ ನಿಂಬೆರಸ. ಮೊದಲ ವಾರ ಇಬ್ಬರೂ ಮುಖ ನೋಡಿಕೊಂಡು ನುಂಗಿದೆವು.

ಒಂದು ಸಂಜೆ ಅವರು ಬಾಯಲ್ಲಿ ಹಣ್ಣಿಟ್ಟುಕೊಂಡು ಸುಮ್ಮನಾದರು. ಪೇಟೆಯಲ್ಲಿ ಮಾಲಿನ ಬಗ್ಗೆ ಅನುಮಾನ ಬಂದಾಗ ಹೀಗೇ ಸುಮ್ಮನಾಗುತ್ತಾರೆ.

"ಇದು ಹುಳಿ ಅಷ್ಟ ಅಲ್ಲಲೇ," ಎಂದರು. "ಹಿಂದ ಸಿಹಿ ಐತಿ. ತಡಾ ಮಾಡಿ ಬರತೈತಿ."

ನಾನು ಎದ್ದು ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ಬಿಪಿ ಇಳಿಯತೊಡಗಿತು. ನೂರಾ ಐವತ್ತು, ನೂರಾ ನಲವತ್ತು. ಡಾಕ್ಟರು ಹೆಚ್ಚಿಸಿದ ಮಾತ್ರೆಯದೂ ಅದರಲ್ಲಿ ಪಾಲಿದೆ, ಎಲ್ಲವನ್ನೂ ನನ್ನ ಅಡುಗೆಮನೆಗೆ ಬರೆದುಕೊಳ್ಳುವ ಬುದ್ಧಿ ಈಗ ಬಿಟ್ಟಿದ್ದೇನೆ. ಬಿಸಿಲು ಏರುತ್ತಿದ್ದಂತೆ ಸ್ಟ್ರಾಬೆರಿ ಬರುವುದು ನಿಂತಿತು. ದಾದಾಪೀರ್ ಕೊನೆಯ ಬಾಕ್ಸ್ ತಂದು, "ಇನ್ನ ಮುಂದಿನ ಥಂಡಿಗೇ ನೋಡ್ರಿ ವೈನಿ," ಎಂದರು.

"ಮುಂದಿನ ಥಂಡಿಗೆ ಈ ಕೈ ಹಿಂಗ ಇರತೈತೋ ಇಲ್ಲೋ," ಎಂದರು ನಮ್ಮವರು, ಎಡಗೈ ನೋಡಿಕೊಳ್ಳುತ್ತ. ತಮಾಷೆಯ ದನಿಯಲ್ಲೇ ಹೇಳಿದರು. ನಾನಾಗಲಿ ದಾದಾಪೀರರಾಗಲಿ ನಗಲಿಲ್ಲ.

ಬೇಸಿಗೆ, ಮಳೆಗಾಲ ಎರಡೂ ಆಸ್ಪತ್ರೆಯ ಗುರುವಾರಗಳ ಮೇಲೇ ಕಳೆದವು. ಕ್ರಿಯಾಟಿನಿನ್ ಎರಡು ಪಾಯಿಂಟ್ ಎಂಟು. ಎರಡು ಪಾಯಿಂಟ್ ಆರು. ಮತ್ತೆ ಎರಡು ಪಾಯಿಂಟ್ ಆರು. ನಾನು ಇನ್ನೂ ಇಳಿಯುತ್ತದೆಂದು ಕಾಯುತ್ತಿದ್ದೆ. ಡಾಕ್ಟರು ಹೇಳಿದರು, "ಹೋದ ಕಿಡ್ನಿ ವಾಪಸ್ ಬರೋದಿಲ್ಲಮ್ಮಾ. ಇದ್ದಲ್ಲೇ ನಿಂತಿದೆಯಲ್ಲ, ಅದೇ ದೊಡ್ಡದು. ಹೀಗೇ ನಡೆಸಿಕೊಂಡು ಹೋಗಿ." ಡಯಾಲಿಸಿಸ್ ಮಾತು ಆವತ್ತು ಬರಲಿಲ್ಲ. ಯಾವತ್ತೂ ಬರುವುದಿಲ್ಲ ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಬರುವಾಗ ರಾಣೆಬೆನ್ನೂರಿನಲ್ಲೇ ಒಂದೊಂದು ಕಪ್ ಚಹಾ ಕುಡಿದೆವು. ಅಷ್ಟೇ ನಮ್ಮ ಹಬ್ಬ.

ಹೋದ ವಾರ ಈ ವರ್ಷದ ಮೊದಲ ಸ್ಟ್ರಾಬೆರಿ ಬಂತು.

ಈ ಸಲ ಬಾಕ್ಸನ್ನು ನಮ್ಮವರೇ ದಾದಾಪೀರರ ಗಾಡಿಯಿಂದ ಆರಿಸಿ ತಂದರು. ನನ್ನನ್ನು ಹೊರಗೆ ಕೂರಿಸಿ ತಾವೇ ಒಳಗೆ ಹೋದರು. ನೀರಿನ ಸದ್ದು ಕೇಳಿಸಿತು, ಆಮೇಲೆ ತಾಟಿನದು. ಎರಡು ತಾಟು ಹಿಡಿದುಕೊಂಡು ಬಂದರು. ಅವರದರಲ್ಲಿ ಐದು ಹಣ್ಣು, ಬರೀ ಹಣ್ಣು. ನನ್ನದರಲ್ಲಿ ಐದು ಹಣ್ಣು, ಮೇಲೆ ಕೆಂಪಗೆ ಖಾರ. ದಾದಾಪೀರರ ಬಳಿ ಕೇಳಿ ಪೊಟ್ಟಣ ಕಟ್ಟಿಸಿಕೊಂಡು ಬಂದಿದ್ದರು.

"ಏನ್ರಿ ಇದು?"

"ನಿನಗೇನ ಆಗೇತಿ? ನಿನ್ನ ಕಿಡ್ನಿ ಛಲೋ ಅದಾವು. ನನ್ನ ಸಲುವಾಗಿ ವರ್ಷಪೂರ್ತಿ ಸಪ್ಪಂದು ತಿಂದಿ. ತಿನ್ನು. ನಾ ನೋಡಕೋತ ಕುಂದ್ರತೇನಿ."

ಹಾಗೇ ಕೂತರು, ನಾನು ಅವರ ಮುಂದೆ ಕೂರುತ್ತಿದ್ದ ಹಾಗೆ. ನಾನು ಒಂದನ್ನು ಬಾಯಿಗೆ ಹಾಕಿಕೊಂಡೆ. ನನ್ನದೇ ಕೈಯ ಖಾರ. ವರ್ಷದ ಮೇಲೆ ನಾಲಿಗೆಗೆ ಬಿದ್ದದ್ದೇ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಬಂತು ಎಂದು ಅವರು ತಿಳಿದುಕೊಂಡರು, ನಾನೂ ಹಾಗೇ ಬಿಟ್ಟೆ.

"ಹೆಂಗೈತಿ?"

"ಛಲೋ ಐತಿ. ಆದ್ರ ಹಣ್ಣ ಎಲ್ಲೈತಿ, ಸಿಗವಲ್ದು," ಎಂದೆ. "ಉಪ್ಪ ಒಂದ ಹತ್ತಾಕತ್ತೇತಿ. ನಾಳಿಂದ ನನಗೂ ನಿಮ್ಮಂಗ ಕೊಡ್ರಿ."

ಅವರು ನಕ್ಕರು. ತಮ್ಮ ತಾಟಿನಿಂದ ಒಂದು ಹಣ್ಣು ತೆಗೆದು ನನ್ನ ತಾಟಿನ ಅಂಚಿಗಿಟ್ಟರು. ಆವತ್ತು ಅವರು ತಿಂದದ್ದು ನಾಲ್ಕೇ.

ಆಮೇಲೆ ಪೇಟೆಗೆ ಹೊರಟು ಹೊಸ್ತಿಲ ಹತ್ತಿರ ಕೂತು ಚಪ್ಪಲಿ ಮೆಟ್ಟಿಕೊಂಡರು. ಕಾಲು ಸಲೀಸಾಗಿ ಒಳಗೆ ಹೋಯಿತು. ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ದಿನಾ ನೋಡುತ್ತೇನೆ.